ನಾನು ಎಣಿಸದ ಮಧ್ಯಾಹ್ನ

ಬೆಳಗಾವಿಯ ಒಂದು ಎಂಜಿನಿಯರಿಂಗ್ ಆಫೀಸಿನಲ್ಲಿ ನಕ್ಷೆ ತೆಗೆಯುವುದು ನನ್ನ ಕೆಲಸ. ಮನೆ ಖಾನಾಪುರದಲ್ಲಿ. ಹನ್ನೊಂದು ವರ್ಷದಿಂದ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲೇ ಬರುತ್ತಿದ್ದೇನೆ. ನಗರದ ಕೆಲವು ಬಸ್ ನಿಲ್ದಾಣಗಳನ್ನು ಹೊಸದಾಗಿ ಕಟ್ಟುವ ಕೆಲಸ ನಮ್ಮ ಆಫೀಸಿಗೆ ಬಂದಾಗ ಸಾಹೇಬರು ನನ್ನನ್ನೇ ಕರೆದರು.

"ಈ ಆಫೀಸಿನ್ಯಾಗ ಬಸ್ಸಿಗೆ ಬರೋರು ನೀವ ಒಬ್ಬರ. ಸರ್ವೇ ನೀವ ಮಾಡ್ರಿ."

ಸರ್ವೇ ಎಂದರೆ ದೊಡ್ಡದೇನಲ್ಲ. ನಿಲ್ದಾಣದ ಬದಿಗೆ ನಿಂತು, ಒಬ್ಬೊಬ್ಬರೂ ಬಂದ ಹೊತ್ತು, ಬಸ್ ಹತ್ತಿದ ಹೊತ್ತು ಒಂದು ಫಾರ್ಮಿನಲ್ಲಿ ಬರೆದುಕೊಳ್ಳಬೇಕು. ಬೆಳಿಗ್ಗೆ ಎರಡು ತಾಸು, ಮಧ್ಯಾಹ್ನ ಎರಡು ತಾಸು, ಸಂಜೆ ಎರಡು ತಾಸು. ಜನ ಎಷ್ಟು ಹೊತ್ತು ಕಾಯುತ್ತಾರೆ ಎನ್ನುವುದರ ಮೇಲೆ ಅಲ್ಲಿ ಕೂರಲು ಏನಿರಬೇಕು ಎಂಬುದು ತೀರ್ಮಾನವಾಗುತ್ತಿತ್ತು.

ಮೊದಲ ನಿಲ್ದಾಣ ಒಂದು ಆಸ್ಪತ್ರೆಯ ಹತ್ತಿರದ್ದು. ಎಂಟು ಗಂಟೆಗೇ ಹೋಗಿ ನಿಂತೆ. ಮಚ್ಛೆಯ ಕಾರ್ಖಾನೆಗಳಿಗೆ ಹೋಗುವವರು, ಕಾಲೇಜಿನ ಹುಡುಗಿಯರು, ಟಿಫಿನ್ ಡಬ್ಬಿ ಹಿಡಿದ ಗುಮಾಸ್ತರು. ಯಾರೂ ಕೂರುವವರಲ್ಲ. ಒಂದು ಕಾಲು ಫುಟ್‌ಪಾತಿನ ಮೇಲೆ, ಒಂದು ಕಾಲು ರಸ್ತೆಯಲ್ಲಿ, ಕಣ್ಣು ಮೊಬೈಲಿನಲ್ಲಿ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹತ್ತಿಬಿಡುತ್ತಿದ್ದರು. ಅಲ್ಲೇ ಹಿಂದೆ, ಯಾರೋ ತಮ್ಮ ಹಿರಿಯರ ನೆನಪಿಗೆ ಹಾಕಿಸಿದ್ದ ಫರಸಿಕಲ್ಲಿನ ಕಟ್ಟೆಯೊಂದಿತ್ತು. ಅದರ ಮೇಲೆ ಒಂದು ನಾಯಿ ಮಲಗಿತ್ತು.

ಹತ್ತು ಗಂಟೆಗೆ ಸಾಹೇಬರ ಫೋನು. ಬೇರೊಂದು ಕೆಲಸದ ನಕ್ಷೆ ಸಂಜೆಯೊಳಗೆ ಬೇಕಂತೆ. ಆಫೀಸಿಗೆ ಹೋದೆ. ಮಧ್ಯಾಹ್ನಕ್ಕೆ ಮತ್ತೆ ಅಲ್ಲಿಗೆ ಹೋಗಬೇಕಿತ್ತು, ಹೋಗಲಿಲ್ಲ. ಬಿಸಿಲಿತ್ತು, ಕೆಲಸವಿತ್ತು, ಐದೂವರೆಯ ಬಸ್ ತಪ್ಪಿದರೆ ಮಗಳು ಪಕ್ಕದ ಮನೆಯಲ್ಲಿ ಕಾಯುತ್ತಾ ಕೂರಬೇಕಿತ್ತು. ಇವೆಲ್ಲ ಖರೇ. ಆದರೆ ಇವು ಯಾವುವೂ ನನ್ನ ಕೈ ಹಿಡಿದು ಬರೆಸಲಿಲ್ಲ. ಊಟದ ಡಬ್ಬಿ ಮುಚ್ಚಿ, ಟೇಬಲ್ಲಿನಲ್ಲೇ ಕುಳಿತು, ಮಧ್ಯಾಹ್ನದ ಮತ್ತು ಸಂಜೆಯ ಸಾಲುಗಳನ್ನು ನಾನೇ ತುಂಬಿದೆ. ಬೆಳಗಿನ ಲೆಕ್ಕವನ್ನೇ ಒಂದೆರಡು ನಿಮಿಷ ಆಚೆ ಈಚೆ ಮಾಡಿದೆ. ಒಂದೇ ಸಲಕ್ಕೆ ಬರೆದಂತೆ ಕಾಣಬಾರದೆಂದು ಸಂಜೆಯ ಸಾಲುಗಳಿಗೆ ಪೆನ್ನು ಬದಲಿಸಿದೆ. ಕೆಳಗೆ ಸಹಿ ಹಾಕಿದೆ.

ಸಾಹೇಬರು ಫಾರ್ಮ್ ನೋಡಿ ಖುಷಿಯಾದರು. "ಆರು ನಿಮಿಷಕ್ಕಿಂತ ಹೆಚ್ಚು ಯಾರೂ ನಿಂದರಂಗಿಲ್ಲ. ಊರಿನ ಸ್ಪೀಡ ಬದಲಾಗೇತ್ರಿ. ಬೆಂಚ್ ಯಾಕ ಬೇಕು? ಬೆಂಚ್ ಹಾಕಿದ್ರ ಮಲಗಾವ್ರು ಬರತಾರ."

ಹೀಗಾಗಿ ಬೆಂಚಿನ ಜಾಗದಲ್ಲಿ ಎರಡು ಸ್ಟೀಲ್ ಪೈಪು ಬಂದವು. ಸೊಂಟದ ಎತ್ತರಕ್ಕೆ, ಮುಂದಕ್ಕೆ ಸ್ವಲ್ಪ ಇಳಿಜಾರಾಗಿ. ನಿಂತಲ್ಲೇ ತುಸು ಒರಗಿಕೊಳ್ಳಬಹುದು, ಕೂರಲಾಗದು. ಆ ನಕ್ಷೆ ತೆಗೆದದ್ದೂ ನಾನೇ. ಮೊಬೈಲ್ ಚಾರ್ಜ್ ಮಾಡುವ ಪ್ಲಗ್ಗು, ರಾತ್ರಿಗೆ ಬಿಳಿ ದೀಪ, ಎಲ್ಲ ಇತ್ತು. ಫರಸಿಕಟ್ಟೆಯನ್ನು ಒಡೆದು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋದರು. ಕೆಲಸ ಮುಗಿದ ದಿನ ನಿಲ್ದಾಣದ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಗಂಡ ಮೂರು ಚಪ್ಪಾಳೆ ಕಳಿಸಿದ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಮಗಳ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಅರ್ಧ ರಜೆ ಹಾಕಿ, ಒಂದು ಗಂಟೆಯ ಸುಮಾರಿಗೆ ಅದೇ ನಿಲ್ದಾಣಕ್ಕೆ ಬಂದೆ. ವಯಸ್ಸಾದ ಗಂಡಹೆಂಡತಿ ಅಲ್ಲಿದ್ದರು. ಆತನ ಮುಂದೆ ವಾಕರ್ ಇತ್ತು, ಎರಡೂ ಕೈ ಅದರ ಮೇಲೆ ಬಿಗಿಯಾಗಿದ್ದವು. ಹೆಂಡತಿ ಆತನ ಬೆನ್ನಿಗೆ ಬೆನ್ನು ಕೊಟ್ಟು, ಪಾದಗಳನ್ನು ಅಗಲಿಸಿ ಊರಿ ನಿಂತಿದ್ದಳು. ಆತ ಅವಳಿಗೆ ಒರಗಿದ್ದ.

"ಚಾಚಾ, ಪೈಪಿಗೆ ಒರಗ್ರಲ್ಲಾ," ಎಂದೆ.

"ಬರಂಗಿಲ್ಲ ತಂಗಿ," ಹೆಂಡತಿಯೇ ಹೇಳಿದಳು. "ತೊಡಿ ಮ್ಯಾಲಿನ ಚಪ್ಪೆದ ಕೀಲು ಸವದಿತ್ತು, ಆಪರೇಶನ್ ಆಗೇತಿ. ಜಾರಿ ಬಿದ್ದರ ಮತ್ತ ಮೊದಲಿಂದ ಶುರು. ನೆಲಕ್ಕ ಕುಂದರಬ್ಯಾಡ ಅಂತನೂ ಡಾಕ್ಟರ್ ಹೇಳ್ಯಾರ. ವಾರಕ್ಕೊಮ್ಮಿ ಕಾಲು ತಿಕ್ಕಿಸ್ಕೊಂಡು ಕಸರತ್ತು ಮಾಡಾಕ ಬರತೀವಿ."

"ನಿಮ್ಮ ಬಸ್ ಎಷ್ಟಕ್ಕ?"

"ಪಾರಿಶ್ವಾಡದ್ದು, ಎರಡೂವರಿಗೆ."

"ಖಾನಾಪುರಕ್ಕ ಹೋಗಿ ಅಲ್ಲಿಂದ ಬ್ಯಾರೆ ಬಸ್ ಹಿಡೀಬಹುದಲ್ಲಾ?"

"ಎರಡೆರಡು ಸಲ ಇವರನ್ನ ಹತ್ತಿಸಿ ಇಳಸೂದು ನನ್ನಿಂದ ಆಗಂಗಿಲ್ಲವಾ."

ಚಾಚಾ ಊರಿನಲ್ಲಿ ಟೇಲರ್ ಆಗಿದ್ದವರಂತೆ. ಪೈಪುಗಳನ್ನು ನೋಡುತ್ತಾ ಹೇಳಿದರು: "ಮೊದಲ ಇಲ್ಲಿ ಒಂದು ಫರಸಿಕಟ್ಟಿ ಇತ್ತು. ಆಪರೇಶನ್ನಿನ ಮೊದಲ ತೋರ್ಸಾಕ ಬಂದಾಗ ಅದರ ಮ್ಯಾಲ ಕುಂದರತಿದ್ವಿ. ಯಾರು ತಗಸಿದ್ರೋ ಏನೋ. ನಾ ಬ್ಲೌಜ್ ಹೊಲದ್ರೂ ಹಾಕ್ಕೊಳ್ಳಾಕಿನ್ನ ನಿಂದ್ರಿಸಿ ಅಳತಿ ತಗೋತಿದ್ದೆ. ಇದಕ್ಕ ಯಾರ ಅಳತಿ ತಗೊಂಡಾರ?"

"ಗೊತ್ತಿಲ್ಲ ಚಾಚಾ," ಎಂದೆ.

ಅಷ್ಟರಲ್ಲಿ ನನ್ನ ಬಸ್ ಬಂತು. ಕಂಡಕ್ಟರ್ "ಪುಢೇ ಸರಾ, ಮುಂದ ಸರೀರಿ" ಎಂದು ಕೂಗುತ್ತಿದ್ದ. ಹತ್ತಿಬಿಟ್ಟೆ. ಕಿಟಕಿಯಿಂದ ಹಿಂದಿರುಗಿ ನೋಡುವ ಧೈರ್ಯ ಬರಲಿಲ್ಲ. ಶಾಲೆಯಲ್ಲಿ ಟೀಚರು ಮಗಳ ಬಗ್ಗೆ ಏನು ಹೇಳಿದರೆಂದು ಸಂಜೆ ಗಂಡ ಕೇಳಿದಾಗ ನನಗೆ ಒಂದೂ ನೆನಪಿರಲಿಲ್ಲ.

ಆಮೇಲೆ ಎರಡು ವಾರ ಆ ನಿಲ್ದಾಣ ಬರುವ ಮೊದಲೇ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮೂರನೆಯ ವಾರ, ಅವರು ಬರುವ ದಿನವೇ, ಊಟದ ಹೊತ್ತಿಗೆ ನಡೆದುಕೊಂಡು ಹೋದೆ. ಅವರು ಅಲ್ಲೇ ಇದ್ದರು. ಈ ಸಲ ಚಾಚಾ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದರು. ಪಾರಿಶ್ವಾಡದಿಂದ ಹೊತ್ತು ತಂದದ್ದಂತೆ. ದಾರಿಗೆ ಅಡ್ಡವಾಗುತ್ತದೆಂದು ಕಂಡಕ್ಟರ್ ಜೊತೆ ಜಗಳವೂ ಆಗಿತ್ತಂತೆ.

ನಿಂತಲ್ಲೇ ಹೇಳಿದೆ. ಸರ್ವೇ ನನ್ನದು, ಮಧ್ಯಾಹ್ನ ಬರಲಿಲ್ಲ, ಸುಳ್ಳು ಬರೆದೆ, ಪೈಪಿನ ನಕ್ಷೆ ತೆಗೆದದ್ದೂ ನಾನೇ. ಅವತ್ತು ಗೊತ್ತಿಲ್ಲ ಅಂದದ್ದೂ ಸುಳ್ಳು. ಹೇಳುತ್ತಾ ಅಳು ಬಂತು.

ಚಾಚಿ ಕೇಳಿದಳು, "ಅದು ಯಾವಾಗ?"

"ಬ್ಯಾಸಗಿಯೊಳಗ. ಶಿವರಾತ್ರಿ ಆದ ಮ್ಯಾಲ."

"ಆವಾಗ ತೋರ್ಸಾಕ ಬರತಿದ್ವಿ. ಕಟ್ಟಿ ಮ್ಯಾಲ ಇಲ್ಲೇ ಇರತಿದ್ವಿ. ನೀ ಬಂದಿದ್ರ ನಾನ ಹೇಳತಿದ್ದೆ, ಎಷ್ಟೊತ್ತು ಕುಂದರತೀವಿ ಅಂತ." ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. "ಈಗ ಹೇಳಿದ್ರಿಂದ ನಿನ್ನ ಹೊಟ್ಟಿ ಹಗುರಾತು. ನಮಗೇನಾತು?"

"ಬಿಡ, ಹುಡಿಗಿ ಅಳಾಕತ್ತಾಳ," ಎಂದರು ಚಾಚಾ.

"ಅಳ್ಳಿ. ನಾ ತಿಂಗಳಗಟ್ಲೆ ಬೆನ್ನು ಕೊಟ್ಟು ನಿಂತೀನಿ, ನಾ ಅತ್ತಿಲ್ಲ."

ಬಸ್ ಬಂದಾಗ ವಾಕರ್ ಹಿಡಿದುಕೊಳ್ಳಲು ಕೈ ಚಾಚಿದೆ. ಚಾಚಿ ಅದನ್ನು ನನಗೆ ಕೊಡದೆ ತಾನೇ ಎತ್ತಿದಳು. ಸ್ಟೂಲು ಮಾತ್ರ ಕೊಟ್ಟಳು. ಅದನ್ನು ಬಾಗಿಲಲ್ಲಿದ್ದ ಕಂಡಕ್ಟರನಿಗೆ ಕೊಟ್ಟೆ.

ಉಳಿದ ನಿಲ್ದಾಣಗಳ ಸರ್ವೇ ಇನ್ನೂ ಆಗಿರಲಿಲ್ಲ. ಮರುದಿನದಿಂದ ಅಲ್ಲಿ ಮಧ್ಯಾಹ್ನವೂ ನಿಂತು ಎಣಿಸಿದೆ. ಮಧ್ಯಾಹ್ನದ ಊರು ಬೇರೆಯೇ ಇತ್ತು. ಹೆರಿಗೆಯಾಗಿ ಮನೆಗೆ ಹೊರಟವರು, ಕೋರ್ಟಿನಿಂದ ಬಂದವರು, ಸಂತೆಯ ಚೀಲದವರು, ಹಲಸಿಗೋ ಇನ್ನೆಲ್ಲಿಗೋ ಇರುವ ಒಂದೇ ಬಸ್ಸಿಗೆ ತಾಸುಗಟ್ಟಲೆ ಕಾಯುವವರು. ಬೆಳಿಗ್ಗೆ ಜಿಗಿದು ಬಸ್ ಹತ್ತಿದ್ದ ಕೆಲವರೂ ಅವರಲ್ಲಿದ್ದರು, ಜ್ವರ ಬಂದೋ ಕೈಗೆ ಪೆಟ್ಟಾಗಿಯೋ. ಎಲ್ಲರನ್ನೂ ಬರೆದುಕೊಂಡೆ, ಒಂದೇ ಪೆನ್ನಿನಲ್ಲಿ.

ಫಾರ್ಮುಗಳನ್ನು ಸಾಹೇಬರ ಮುಂದಿಟ್ಟೆ. ಅವರು ಹಳೆಯದನ್ನೂ ತೆಗೆದು ಹೋಲಿಸಿದರು.

"ಇದು ಮೊದಲಿಂದಕ್ಕ ಹೊಂದವಲ್ದಲ್ರೀ. ಅದು ತಪ್ಪಿತ್ತೇನು?"

ಆಗ ಹೇಳಬಹುದಿತ್ತು. ಚಾಚಿಯ ಮುಂದೆ ಹೇಳಿದ್ದೆನಲ್ಲ. ಆದರೆ ಇಲ್ಲಿ ನನ್ನ ಸಹಿ ಇತ್ತು, ಸಂಬಳವಿತ್ತು. "ಅದು ಬ್ಯಾಸಗಿ ಸರ್, ಇದು ಮಳಿಗಾಲ. ಬಸ್ಸು ತಡಾ ಆಗತಾವು," ಎಂದೆ. ಅವರು ಒಪ್ಪಿಕೊಂಡರು. ಉಳಿದ ನಿಲ್ದಾಣಗಳ ನಕ್ಷೆಗೆ ಬೆನ್ನಾಸರೆಯಿರುವ ಬೆಂಚು ಸೇರಿಸಲು ಹೇಳಿದರು. ಮೊದಲನೆಯದನ್ನೂ ಬದಲಿಸೋಣವೇ ಎಂದು ಕೇಳಿದೆ. "ಅದರ ಫೈಲ್ ಮುಗದೈತಿ. ಅಲ್ಲಿ ಯಾರೂ ಕಾಯಂಗಿಲ್ಲ ಅಂತ ನೀವ ಬರದೀರಲ್ಲ," ಎಂದರು.

ಬೆಂಚುಗಳು ಬಂದವು. ಜನ ಕೂರುತ್ತಾರೆ, ಮಕ್ಕಳಿಗೆ ಊಟ ಮಾಡಿಸುತ್ತಾರೆ. ದೀಪಾವಳಿಯ ಹೊತ್ತಿಗೆ ಚಾಚಾ ವಾಕರ್ ಬಿಟ್ಟು ಕೋಲು ಹಿಡಿದು ನಡೆಯುವುದನ್ನು ಬಸ್ಸಿನಿಂದ ಕಂಡೆ. ಆಮೇಲೆ ಅವರು ಕಾಣಲಿಲ್ಲ. ಕಾಲು ಪೂರ್ತಿ ಗುಣವಾಯಿತೆಂದು ನಂಬಿಕೊಂಡಿದ್ದೇನೆ.

ಆ ಒಂದು ನಿಲ್ದಾಣದಲ್ಲಿ ಈಗಲೂ ಪೈಪುಗಳೇ ಇವೆ. ಮಧ್ಯಾಹ್ನ ಅಲ್ಲಿಗೆ ಬರುವ ರೋಗಿಗಳು ಆಸ್ಪತ್ರೆಯ ಕಾಂಪೌಂಡ್ ಗೋಡೆಯ ಬುಡದಲ್ಲಿ ಹಾಳೆ ಹಾಸಿಕೊಂಡು ಕೂರುತ್ತಾರೆ. ಆ ಫೈಲ್ ಮತ್ತೆ ತೆರೆಯಬೇಕಾದರೆ ಒಂದು ಪತ್ರ ಸಾಕು: ಅವತ್ತು ಮಧ್ಯಾಹ್ನ ಎಣಿಸಿಲ್ಲ ಎಂದು ನನ್ನ ಕೈಯಿಂದ. ಗಂಡನಿಗೆ ಹೇಳಿದೆ. "ಈಗ ಯಾರ ಕೇಳಾಕತ್ತಾರ? ಇದ್ದ ನೌಕರಿ ಕಳ್ಕೊಂತಿಯೇನು?" ಎಂದ. ನಾನೂ ಹಾಗೆಯೇ ಅಂದುಕೊಂಡು ವರ್ಷವಾಯಿತು. ಪತ್ರವನ್ನು ಎರಡು ಸಲ ಟೈಪ್ ಮಾಡಿದ್ದೇನೆ. ಎರಡೂ ಸಲ ಸೇವ್ ಮಾಡದೆ ಕಂಪ್ಯೂಟರ್ ಮುಚ್ಚಿ, ಐದೂವರೆಯ ಬಸ್ಸಿಗೆ ಓಡಿದ್ದೇನೆ.