ಕಾರಿಗೆ ಬೆನ್ನು ಮಾಡಿ ನಿಂತವರು

ಗೋಕಾಕದಲ್ಲಿ ನಮ್ಮ ಕಾರಿನ ರಿಪೇರಿ ನೋಡುತ್ತಿದ್ದ ಮಿಸ್ತ್ರಿ ಕಾಕಾಗೆ ಎಲ್ಲ ತೊಂದರೆಗೂ ಒಂದೇ ಕಾರಣ ಗೊತ್ತಿತ್ತು: ‘ಒಳಗ ಗಾಳಿ ಐತ್ರಿ.’ ಮೊಬೈಲು ಕೈಕೊಟ್ಟರೂ ಅದೇ, ಅಳಿಯ ಮುನಿಸಿಕೊಂಡರೂ ಅದೇ.

ಅಪ್ಪನ ಹಳೆಯ ಅಂಬಾಸಿಡರ್‌ಗೆ ಡಿಸ್ಕ್ ಬ್ರೇಕ್ ಕೂಡಿಸಿದಾಗ ಮಾತ್ರ ಆ ಮಾತು ಖರೆ ಇತ್ತು. ಬ್ರೇಕ್ ಆಯಿಲಿನ ಪೈಪಿನಲ್ಲಿ ಗಾಳಿ ಉಳಿದರೆ ಪೆಡಲು ಮೆತ್ತಗಾಗುತ್ತದೆ. ನಾನು ಪೆಡಲು ಒತ್ತಿ ಹಿಡಿದೆ. ಅವರು ಗಾಲಿಯ ಪಕ್ಕ ಕೂತು, ಗುಳ್ಳೆ ಬರುವುದು ನಿಲ್ಲುವ ತನಕ ಗಾಳಿ ತೆಗೆದರು.

ಪರೀಕ್ಷೆಯ ಪದ್ಧತಿ ಅವರದೇ. ಫಾಲ್ಸ್ ರಸ್ತೆಯ ಇಳಿಜಾರಿನಲ್ಲಿ ಸುಣ್ಣದ ಗೆರೆ ಎಳೆದು, ಅದರಾಚೆ ಚಹಾದ ಕಪ್ಪು ಹಿಡಿದು, ಕಾರಿಗೆ ಬೆನ್ನು ಮಾಡಿ ನಿಲ್ಲುವರು. ಕಾರು ಗೆರೆಯ ಈಚೆಗೇ ನಿಲ್ಲಬೇಕು.

‘ಸ್ವಲ್ಪ ಬಾಜೂ ನಿಂದರ್ರಿ ಕಾಕಾ,’ ಎಂದೆ.

‘ನನ್ನ ಕೆಲಸದ ಮ್ಯಾಲ ನನಗ ಭರೋಸಾ ಐತಿ. ನೀವು ಬರ್ರಿ.’

ಮೆಲ್ಲಗೇ ಹೊರಟೆ. ಗೆರೆ ಹತ್ತಿರವಾದಾಗ ಬ್ರೇಕ್ ಒತ್ತಿದರೆ ಪೆಡಲು ಬೆಣ್ಣೆಯ ಹಾಗೆ ಒಳಗಿಳಿಯಿತು. ಗಾಬರಿಯಲ್ಲಿ ಮತ್ತೆ ಒತ್ತಿದೆ, ಆಗ ಹಿಡಿಯಿತು. ಕಾರು ಗೆರೆ ದಾಟಿ, ಬಂಪರು ಅವರ ಪೈಜಾಮಕ್ಕೆ ತಾಗಿ ನಿಂತಿತು.

ಅವರು ತಿರುಗಿ ನೋಡಲಿಲ್ಲ. ಚಹಾ ಒಂದು ಗುಟುಕು ಕುಡಿದು ಹೇಳಿದರು:

‘ಇನ್ನೊಂದ್ ಚೂರು ಗಾಳಿ ಐತ್ರಿ.’