ಪಿಂಟೋ ಸರ್ ಮತ್ತು ಕ್ಷಮಾದಾನದ ಅಧ್ಯಾಯ

ಫೋನ್ ರಿಂಗಾದರೆ ಪಿಂಟೋ ಸರ್ ಎದ್ದು ನಿಲ್ಲುತ್ತಿದ್ದರು. ಊಟಕ್ಕೆ ಕೂತಿರಲಿ, ಪಾಠದ ನಡುವೆ ಇರಲಿ, ಕುರ್ಚಿ ಹಿಂದಕ್ಕೆ ತಳ್ಳಿ, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ತೀರ್ಪು ಕೇಳಲು ನಿಂತವರ ಹಾಗೆ ಆಗಿಬಿಡುತ್ತಿದ್ದರು. ಅವರ ಹೆಂಡತಿ, ನರ್ಸ್ ಆಗಿದ್ದ ಹಿಲ್ಡಾ ಆಂಟಿ, ಅಡುಗೆಮನೆಯಿಂದ ಬಂದು ರಿಸೀವರ್ ಎತ್ತಿ, "ನನಗೇ, ಆಸ್ಪತ್ರೆಯಿಂದ. ಕೂತ್ಕೊಳ್ಳಿ ನೀವು" ಎಂದ ಮೇಲೆಯೇ ಕೂರುವುದು. ಕೂತ ಮೇಲೂ ಸ್ವಲ್ಪ ಹೊತ್ತು ಪುಸ್ತಕದ ಯಾವ ಪುಟದಲ್ಲಿದ್ದೇವೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕೊಲ್ಲಿಯ ಪುಟ್ಟ ದ್ವೀಪರಾಜ್ಯವೊಂದರ ರಾಜಧಾನಿ ಮನಾಮದ ಒಂದು ವಿಮಾ ಕಚೇರಿಯಲ್ಲಿ ಸೆಕ್ರೆಟರಿ. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರ ಕಾನೂನು ಪರೀಕ್ಷೆಗೆ ಅಂಚೆಯ ಮೂಲಕ ಓದುತ್ತಿದ್ದೆ. ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಜಿಂಜ್‌ನ ಮನೆಯಿಂದ ಟ್ಯಾಕ್ಸಿ ಹಿಡಿದು ಗುದೈಬಿಯಾಕ್ಕೆ ಹೋಗಿ, ಪರೋಟದ ವಾಸನೆ ತುಂಬಿದ ಮೆಟ್ಟಿಲು ಹತ್ತಿ ಸರ್ ಮನೆ ಸೇರುತ್ತಿದ್ದೆ. ಅವರು ಮಂಗಳೂರಿನ ಕೋರ್ಟಿನಲ್ಲಿ ವಾದ ಮಾಡಿದವರು. ಇಲ್ಲಿ ಅರಬ್ ವಕೀಲರೊಬ್ಬರ ಕಚೇರಿಯಲ್ಲಿ ಇಂಗ್ಲಿಷ್ ಕರಾರುಗಳನ್ನು ತಿದ್ದುತ್ತಿದ್ದರು. ಕೋರ್ಟಿನ ಮೆಟ್ಟಿಲು ಹತ್ತುವ ಕೆಲಸ ಇಲ್ಲವೆಂಬುದೇ ತಮಗೆ ಸಮಾಧಾನ ಎನ್ನುತ್ತಿದ್ದರು.

ಬ್ರಿಟನ್ನಿನ ರಾಣಿಯ ಅಧಿಕಾರಗಳ ಪಾಠವನ್ನು ಅವರಷ್ಟು ರಸವತ್ತಾಗಿ ಹೇಳಿದವರನ್ನು ನಾನು ಕಾಣೆ. "ನೋಡು ಮಾರಾಯ್ತಿ, ಅವರ ಅಂಕಿತ ಇಲ್ಲದೆ ಒಂದು ಮಸೂದೆ ಕಾನೂನಾಗ್ಲಿಕ್ಕಿಲ್ಲ. ಪ್ರಧಾನಿಯನ್ನು ನೇಮಿಸುವುದು ಅವರು. ಪಾರ್ಲಿಮೆಂಟ್ ವಿಸರ್ಜನೆ ಅವರದ್ದು, ಯುದ್ಧ ಸಾರುವುದು ಅವರ ಹೆಸರಲ್ಲಿ. ಎಲ್ಲ ಉಂಟು. ಆದ್ರೆ ಮಂತ್ರಿಗಳು ಹೇಳದೆ ಒಂದನ್ನೂ ಮಾಡ್ಲಿಕ್ಕಿಲ್ಲ. ಅವರು ಹೇಳಿದ್ರೆ ಮಾಡದೆ ಇರ್ಲಿಕ್ಕೂ ಇಲ್ಲ." ಹೀಗೆ ಹೇಳಿ ನಗುತ್ತಿದ್ದರು. ಆದರೆ ಪಟ್ಟಿಯ ಕೊನೆಯ ಅಧಿಕಾರ, ಅಪರಾಧಿಯನ್ನು ಕ್ಷಮಿಸುವುದು, ಬಂದಾಗ ಮಾತ್ರ ಪುಸ್ತಕ ಮುಚ್ಚುತ್ತಿದ್ದರು. "ಅದನ್ನು ನೀನೇ ಓದಿಕೋ."

ಕಾರಣ ಹೇಳಿದವರು ಹಿಲ್ಡಾ ಆಂಟಿ. ಒಂದು ಶುಕ್ರವಾರ ಸರ್ ಚರ್ಚಿನಿಂದ ಬರುವುದು ತಡವಾಗಿತ್ತು. ಆಂಟಿ ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತ ಅಡುಗೆಮನೆಯಲ್ಲೇ ನನ್ನನ್ನು ಕೂರಿಸಿಕೊಂಡರು.

"ಊರಲ್ಲಿ ಬಾಬು ಅಂತ ಒಬ್ಬನಿದ್ದ. ದೋಣಿ ಕೆಲಸದವ. ಜಾಗದ ಜಗಳದಲ್ಲಿ ಭಾವನನ್ನು ಕಡಿದ. ಕಡಿದದ್ದು ಹೌದು, ಅದ್ರಲ್ಲಿ ಸುಳ್ಳಿಲ್ಲ. ಬಡವ, ಹಾಗಾಗಿ ಕೋರ್ಟೇ ಇವರನ್ನು ಅವನ ವಕೀಲರು ಮಾಡಿತ್ತು. ಗಲ್ಲು ಶಿಕ್ಷೆ ಆಯ್ತು. ರಾಷ್ಟ್ರಪತಿಗೆ ಕ್ಷಮೆಯ ಅರ್ಜಿ ಬರೆದದ್ದೂ ಇವರೇ. ಆಗ್ಲಿಕ್ಕಿಲ್ಲ ಅಂತ ಬಂತು. ಇವರು ದೆಹಲಿಗೇ ಹೋದ್ರು. ಯಾರು ಬೇಡ ಅಂದದ್ದು ಅಂತ ಕೇಳ್ಲಿಕ್ಕೆ. ಮೇಲಿನವರು ಕೆಳಗಿನವರ ಸಲಹೆ ಅಂದ್ರಂತೆ, ಕೆಳಗಿನವರು ಮೇಲಿನವರ ಸಹಿ ಅಂದ್ರಂತೆ. 'ಮುಖ ಇಲ್ಲದ ಊರಲ್ಲಿ ತಿರುಗಿದ ಹಾಗಾಯ್ತು ಹಿಲ್ಡಾ' ಅಂದಿದ್ರು."

"ಆಮೇಲೆ?"

"ಆಮೇಲೆಂತ? ಒಂದು ಬೆಳಿಗ್ಗೆ ಜೈಲಿನಿಂದ ಫೋನ್ ಬಂತು, ಆಯ್ತು ಅಂತ. ಇವರು ನಿಂತುಕೊಂಡೇ ಕೇಳಿದ್ರು. ಆ ವರ್ಷವೇ ಕರಿಕೋಟು ಬಿಟ್ಟು ಇಲ್ಲಿಗೆ ಬಂದದ್ದು."

ಆಂಟಿ ಇದನ್ನು ಹೇಳಿದ ಮರುವರ್ಷ ಹನೀಫ್ ಬಂದ. ಸರ್ ಮನೆಯ ಕೆಳಗೆ ಕೆಫೆಟೇರಿಯಾ ಇಟ್ಟಿದ್ದ ಬ್ಯಾರಿ ಮುಸ್ಲಿಂ, ಬಂಟ್ವಾಳದ ಕಡೆಯವನು. ಅವನ ತಮ್ಮ ರಫೀಕ್, ಅಸ್ಕರ್ ಎಂಬ ಹಳ್ಳಿಯ ಹತ್ತಿರದ ಲೇಬರ್ ಕ್ಯಾಂಪಿನಲ್ಲಿದ್ದ. ಅಲ್ಲಿ ಹೊಡೆದಾಟದಲ್ಲಿ ಜೊತೆಯವನೊಬ್ಬನನ್ನು ಮೆಟ್ಟಿಲಿನಿಂದ ತಳ್ಳಿ, ಆತನ ಸೊಂಟ ಮುರಿದು, ರಫೀಕ್ ಜೈಲು ಸೇರಿದ್ದ. ಹನೀಫ್ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತ.

"ಸರ್, ದೊರೆಗಳು ಜನರನ್ನು ಕಾಣುವ ಮಜ್ಲಿಸ್‌ಗೆ ಯಾರು ಬೇಕಾದ್ರೂ ಹೋಗಿ ಅರ್ಜಿ ಕೊಡಬಹುದಂತೆ. ಈದ್‌ಗೆ ಮೊದಲು ಕೆಲವರನ್ನು ಬಿಡ್ತಾರಂತೆ. ನೀವು ಒಂದು ಬರ್ದು ಕೊಡ್ಬೇಕು."

"ಬೇರೆಯವರ ಹತ್ರ ಬರೆಸು ಹನೀಫ್. ನನ್ನ ಕೈಯಿಂದ ಬೇಡ."

"ಊರಲ್ಲಿ ಹೆತ್ತ ಉಮ್ಮನಿಗೆ ಕಣ್ಣು ಕಾಣುದಿಲ್ಲ ಸರ್. ಅವನ ಸ್ವರ ಕೇಳದೆ ಊಟ ಬಿಟ್ಟಿದ್ದಾರೆ."

"ಬೇಡ ಅಂದೆನಲ್ಲಾ!" ಸರ್ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹನೀಫ್ ಚಪ್ಪಲಿ ಮೆಟ್ಟಿ ಇಳಿದು ಹೋದ. ಹಿಲ್ಡಾ ಆಂಟಿ ಬಾಗಿಲು ಹಾಕಿ ಬಂದು, "ನಿಮ್ಮ ಹೆದರಿಕೆಗೆ ಆ ಹುಡುಗ ಒಳಗೆ ಇರ್ಬೇಕಾ?" ಎಂದಷ್ಟೇ ಕೇಳಿದರು.

ಮುಂದಿನ ಶುಕ್ರವಾರ ಹೋದಾಗ ಸರ್ ಪಾಠ ಮಾಡಲಿಲ್ಲ. "ಹನೀಫನ ಅರ್ಜಿ ನಾನು ಹೇಳ್ತೇನೆ, ನೀನು ಬರೆ" ಎಂದರು. ನಾನು ಕಾನೂನಿನ ಕಲಮುಗಳನ್ನು ನಿರೀಕ್ಷಿಸಿದ್ದೆ. ಅವರು ಹನೀಫನನ್ನು ಕರೆಸಿ ಎದುರು ಕೂರಿಸಿ ಕೇಳತೊಡಗಿದರು. ರಫೀಕ್ ಸಣ್ಣವನಿದ್ದಾಗ ಹೇಗಿದ್ದ? ಯಾರನ್ನು ಕಂಡರೆ ಪ್ರೀತಿ? ಸೊಂಟ ಮುರಿದವನನ್ನು ಆಸ್ಪತ್ರೆಗೆ ಹೊತ್ತವರು ಯಾರು? ರಫೀಕನೇ ಎಂದು ಹನೀಫ್ ಹೇಳಿದಾಗ ಸರ್ ನನ್ನ ಕಡೆ ತಿರುಗಿ, "ಇದು ಮೊದಲು ಬರಲಿ" ಎಂದರು. ಅರ್ಜಿ ಒಂದೂವರೆ ಪುಟ ದಾಟಲಿಲ್ಲ. ತಮ್ಮ ಕಚೇರಿಯಲ್ಲೇ ಅರಬ್ಬಿಗೆ ಮಾಡಿಸಿ ಕೊಟ್ಟರು. ಹನೀಫ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಿನಲ್ಲಿ ನಿಂತು ಕೊಟ್ಟು ಬಂದ. "ಕಾಫಿ ಕೊಟ್ರು ಸರ್" ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ.

ಆ ದಿನಗಳಲ್ಲಿ ಆ ದೇಶ ನೆಮ್ಮದಿಯಾಗಿರಲಿಲ್ಲ. ವರ್ಷಗಳ ಹಿಂದೆ ದೊರೆಗಳು ವಿಸರ್ಜಿಸಿದ ಪಾರ್ಲಿಮೆಂಟ್ ಮತ್ತೆ ಬೇಕೆಂದು ಹಳ್ಳಿಗಳ ಕಡೆ ಗಲಾಟೆ. ಕೆಲವೊಮ್ಮೆ ದೂರದಲ್ಲಿ ಟೈರ್ ಸುಟ್ಟ ಹೊಗೆ ಕಾಣುತ್ತಿತ್ತು. ನಾನು ಕೇಳಿದೆ: "ಸರ್, ಯಾವುದು ಒಳ್ಳೆಯದು? ಕೈ ಕಟ್ಟಿದ ರಾಣಿಯಾ, ಕೈ ಕಟ್ಟದ ದೊರೆಯಾ?"

"ಇಲ್ಲಿ ಕೇಳ್ಲಿಕ್ಕೆ ಒಂದು ಮುಖ ಉಂಟು. ಆದ್ರೆ ಆ ಮುಖಕ್ಕೆ ಆ ದಿನ ಸಿಟ್ಟು ಬಂದಿದ್ರೆ? ಅದಕ್ಕೇ ರಾಣಿಯ ಕೈ ಕಟ್ಟಿದ್ದು. ಕಟ್ಟಿದ ಮೇಲೆ ಮುಖವೇ ಇಲ್ಲದಾಯ್ತು. ನನಗೆ ಗೊತ್ತಿಲ್ಲ ಮಾರಾಯ್ತಿ. ಪರೀಕ್ಷೆಗೆ ಪುಸ್ತಕದಲ್ಲಿದ್ದದ್ದು ಬರೆ."

ಈದ್‌ಗೆ ಮೊದಲು ರಫೀಕನನ್ನು ಬಿಟ್ಟರು. ಜೈಲಿನಿಂದ ನೇರ ಊರಿನ ವಿಮಾನಕ್ಕೆ ಕರೆದುಕೊಂಡು ಹೋದರು. ಹನೀಫ್ ಹಲ್ವದ ಡಬ್ಬಿ ಹಿಡಿದು ಬಂದು ಸರ್ ಕೈ ಹಿಡಿದು ಅತ್ತ. ಹಿಲ್ಡಾ ಆಂಟಿಯೂ ಅತ್ತರು. ಅವನು ಹೋದ ಮೇಲೂ ಸರ್ ಡಬ್ಬಿ ಮುಟ್ಟಲಿಲ್ಲ. ಮುಖ ಬಿಳಿಚಿತ್ತು.

"ಇಷ್ಟೇಯಾ?" ಎಂದರು. "ನಾನು ದೆಹಲಿಯನ್ನು ಬೈಯುತ್ತ ಇಷ್ಟು ವರ್ಷ ಕಳೆದೆ. ಬಾಬುವಿನ ಅರ್ಜಿಯಲ್ಲಿ ಪುಟಗಟ್ಟಲೆ ಕಾನೂನು ಬರೆದಿದ್ದೆ. ದೊಡ್ಡ ವಕೀಲ ಆಗ್ಬೇಕಿತ್ತಲ್ಲಾ. ಬಾಬು ಹೇಗಿದ್ದ ಅಂತ ಒಂದು ವಾಕ್ಯ ಬರೀಲಿಲ್ಲ. ಮುಖ ಇಲ್ಲದ್ದು ಅವರಿಗಲ್ಲ, ನಾನು ಕಳಿಸಿದ ಕಾಗದಕ್ಕೆ."

"ಬರೆದಿದ್ರೂ ಅದೇ ಆಗ್ತಿತ್ತೋ ಏನೋ, ಸರ್."

"ಆಗ್ತಿತ್ತೇನೋ. ಇನ್ನು ಅದನ್ನು ತಿಳಿಯುವ ದಾರಿ ಇಲ್ಲ."

ಮುಂದಿನ ಬೇಸಗೆಗೆ ಅವರು ಕೆಲಸ ಬಿಟ್ಟು ಊರಿಗೆ ಹೊರಟರು. ನಾನು ಆ ಪರೀಕ್ಷೆ ಪಾಸಾದೆ, ಕ್ಷಮಾದಾನದ ಪ್ರಶ್ನೆ ಬರಲಿಲ್ಲ.

ಎರಡು ವರ್ಷದ ನಂತರ ರಜೆಯಲ್ಲಿ ಮಂಗಳೂರಿಗೆ ಹೋದಾಗ ಸರ್ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ತುಂಬಾ ಸಣ್ಣಗಾಗಿದ್ದರು. ನನ್ನ ತೋಳು ಹಿಡಿದುಕೊಂಡು, ಬಾಬುವಿನ ಮಗಳನ್ನು ಹುಡುಕಿ ಹೋಗಿದ್ದೆ ಎಂದರು. ಅಪ್ಪ ಸತ್ತಾಗ ಅವಳು ತೊಟ್ಟಿಲ ಕೂಸು. ಈಗ ಉಳ್ಳಾಲದಲ್ಲಿ ಮೀನು ಮಾರುತ್ತಾಳೆ. ಮನೆಯಲ್ಲಿ ಅಪ್ಪನ ಒಂದು ಫೋಟೋ ಇಲ್ಲ.

"ಬೈತಾಳೆ ಅಂತ ಹೋಗಿದ್ದೆ. ಅವಳು ಚಾ ಕೊಟ್ಟು, ಅಪ್ಪ ಹೇಗಿದ್ರು ಅಂತ ಕೇಳಿದ್ಳು. ಜೈಲಿಗೆ ಅಷ್ಟು ಸಲ ಹೋದವ ನಾನು, ಹೇಳ್ಲಿಕ್ಕೆ ಏನೂ ನೆನಪಾಗ್ಲಿಲ್ಲ. ಕೇಸಿನ ನಂಬರ್ ಮಾತ್ರ ನೆನಪಿತ್ತು."

ಅಷ್ಟರಲ್ಲಿ ಉಳ್ಳಾಲದ ಬಸ್ಸು ಬಂತು. ಸರ್ ನನ್ನ ತೋಳು ಬಿಟ್ಟು ಅವಸರದಿಂದ ನುಗ್ಗಿದರು.

"ಎಲ್ಲಿಗೆ ಸರ್, ಇಷ್ಟು ಬಿಸಿಲಲ್ಲಿ?"

ಫುಟ್‌ಬೋರ್ಡಿನಲ್ಲಿ ನಿಂತು ತಿರುಗಿದರು. ಮುಖ ಬೆಳಗಿತ್ತು.

"ಒಂದು ನೆನಪಾಯ್ತು ಮಾರಾಯ್ತಿ! ಅವನು ಎಡಗೈಯವ. ನಾನು ಬೀಡಿ ಕೊಟ್ರೆ ಪ್ರತಿ ಸಲ ಎಡಗೈ ಮುಂದೆ ಮಾಡಿ, ಆಮೇಲೆ ನಗ್ತಿದ್ದ. ಅವಳಿಗೆ ಹೇಳಿ ಬರ್ತೇನೆ."