ಚಿತ್ರ ಉಂಟು, ಧ್ವನಿ ಇಲ್ಲ

ಕಾಸರಗೋಡಿನ ಹತ್ತಿರ ನಾಯ್ಮಾರ್ಮೂಲೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ವೀಡಿಯೊ ಓಡುವುದಿಲ್ಲ ಎಂದು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹೆಚ್ಚಿನವರ ಕಂಪ್ಯೂಟರಿಗೆ ಏನೂ ಆಗಿರುವುದಿಲ್ಲ. ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆದರೆ, ಅದರೊಳಗೆ ಸೇರಿದ ಹಳೆಯ ಕಸ ಅಳಿಸಿದರೆ ಕೆಲಸ ಮುಗಿಯಿತು. ಅದನ್ನು ಬಿಟ್ಟು ಇಂಟರ್ನೆಟ್ಟಿನವನಿಗೆ ಬಯ್ಯುತ್ತಾರೆ, ಸ್ಪೀಕರಿನ ತಲೆಗೆ ಮೊಟಕುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಪ್‌ಡೇಟ್ ಮಾಡಿ ಎಂದರೆ ಮಾತ್ರ ಮನೆ ಮಾರಲು ಹೇಳಿದ ಹಾಗೆ ಮುಖ ಮಾಡುತ್ತಾರೆ. ಈ ಹೆದರಿಕೆ ಒಮ್ಮೆ ನನ್ನ ಉಪಯೋಗಕ್ಕೆ ಬಂತು.

ಒಂದು ದಿನ ಬೆಳಿಗ್ಗೆ ತೆಳ್ಳಗಿನ ಮುದುಕರೊಬ್ಬರು ಸಿಪಿಯುವನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ಎದೆಗವಚಿ ಹಿಡಿದುಕೊಂಡು ಬಸ್ಸಿನಿಂದ ಇಳಿದು ಬಂದರು. ಕುತ್ತಿಗೆಗೆ ಒಂದು ಬಟ್ಟೆ ಸುತ್ತಿತ್ತು. ಮೇಜಿನ ಮೇಲೆ ಇಟ್ಟು, ಕಿಸೆಯಿಂದ ಮನೆಯಲ್ಲೇ ಬರೆದು ತಂದ ಚೀಟಿ ತೆಗೆದು ಕೊಟ್ಟರು. ‘ಚಿತ್ರ ಉಂಟು, ಧ್ವನಿ ಇಲ್ಲ.’

"ಯಾರಿಗೆ? ಕಂಪ್ಯೂಟರಿಗಾ, ನಿಮಗಾ?" ಎಂದೆ.

ಅವರು ಬಟ್ಟೆ ಸರಿಸಿ ಗಂಟಲ ಆಪರೇಷನ್ನಿನ ಗಾಯ ತೋರಿಸಿದರು. ಮತ್ತೆ ನಗುತ್ತಾ ಚೀಟಿಯ ಹಿಂಬದಿಯಲ್ಲಿ ಬರೆದರು: ‘ಇಬ್ಬರಿಗೂ.’

ಆ ನಗು ನೋಡಿ ಗುರುತು ಸಿಕ್ಕಿತು. ಬೆಳ್ಳೂರು ಕಡೆಯ ಮಾಷ್ಟ್ರು. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಅದಕ್ಕಿಂತ ಹೆಚ್ಚಾಗಿ ತಾಳಮದ್ದಳೆಯ ದೊಡ್ಡ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಪಾತ್ರ ವಹಿಸಿದವರು ಎದುರುಬದುರು ಕುಳಿತು ಅದರ ಮೇಲೆ ಮಾತು ಕಟ್ಟುತ್ತಾರೆ. ಎದುರಿನವನು ಏನು ಕೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಗೆಲ್ಲುವುದು ಸೋಲುವುದು ಎಲ್ಲ ನಾಲಿಗೆಯಲ್ಲಿ. ಅವರ ನಾಲಿಗೆಗೆ ಹೆದರದವರು ಆಗ ಈ ಕಡೆ ಯಾರೂ ಇರಲಿಲ್ಲ.

ಇನ್ನೊಂದು ಚೀಟಿ ಬರೆದರು. ಹೆಂಡತಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ನಾನು ಬರೆದದ್ದು ಅವಳಿಗೆ ಕಾಣುವುದಿಲ್ಲ. ದಿನಾ ಮಧ್ಯಾಹ್ನ ಊಟದ ಮೇಲೆ ಒಂದು ವೀಡಿಯೊ ಹಾಕಿ ಕೊಡುತ್ತೇನೆ, ನನ್ನ ಮಾತು ಉಳಿದಿರುವುದು ಅದೊಂದರಲ್ಲೇ, ಕೇಳಿಕೊಂಡು ಕೂರುತ್ತಾಳೆ. ಈಗ ಧ್ವನಿ ಬರುವುದಿಲ್ಲ.

"ಮೊಬೈಲಲ್ಲಿ ಹಾಕ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದೆ. ಗುಂಡಿ ಒತ್ತುವ ಹಳೆಯ ಫೋನು ತೆಗೆದು ತೋರಿಸಿದರು.

ಸಿಪಿಯುವಿಗೆ ತಂತಿ ಸಿಕ್ಕಿಸಿ ವೀಡಿಯೊ ತೆರೆದೆ. ಭಜನಾ ಮಂದಿರದ ಜಮಖಾನೆ, ನಡುವೆ ಭಾಗವತರು, ಬಲಕ್ಕೆ ಶಾಲು ಹೊದ್ದ ಮಾಷ್ಟ್ರು. ಎಡಕ್ಕೆ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬೆವರುತ್ತಾ ಕುಳಿತ ಒಬ್ಬ ಹುಡುಗ. ಆ ಹುಡುಗ ನಾನು.

ಅಂದು ಅವರದು ದೊರೆಯ ಪಾತ್ರ, ನನ್ನದು ಓಲೆ ತಂದ ದೂತನದು. ನನ್ನ ಮೊದಲ ಕೂಟ. ಒಂದು ತಿಂಗಳು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಓಲೆ ಓದಿ ಮುಗಿಸಿದ ಮೇಲೆ ಅವರು ಕೇಳಿದರು, "ಇದು ನಿನ್ನ ಒಡೆಯನ ಮಾತಾಯಿತು. ನಿನ್ನದೇ ಅಂತ ಒಂದು ಮಾತು ಉಂಟೋ?" ಅದು ನಾನು ಕಲಿತದ್ದರಲ್ಲಿ ಇರಲಿಲ್ಲ. ಬಾಯಿ ತೆರೆದೆ, ಏನೂ ಬರಲಿಲ್ಲ. ಹಿರಿಯರಾದವರು ಅಂಥ ಹೊತ್ತಿನಲ್ಲಿ ಒಂದು ಎಳೆ ಕೊಟ್ಟು ಮೇಲೆತ್ತುವುದು ಕ್ರಮ. ಅವರು ಎಲ್ಲರಿಗೂ ಕಾಣುವಷ್ಟು ಹೊತ್ತು ಕಾದರು, ಆಮೇಲೆ ಭಾಗವತರ ಕಡೆ ತಿರುಗಿ, "ಎದುರಿಗೆ ಯಾರೂ ಇಲ್ಲ. ಮುಂದಿನ ಪದ್ಯ ಹೇಳಿ" ಎಂದರು. ಇಡೀ ಮಂದಿರ ನಕ್ಕಿತು. ಆಮೇಲೆ ನಾನು ಯಾವ ಕೂಟದಲ್ಲೂ ಕುಳಿತಿಲ್ಲ.

ಆ ನಗುವನ್ನು ಇವರ ಮನೆಯಲ್ಲಿ ದಿನಾ ಊಟದ ಮೇಲೆ ಹಾಕಿ ಕೇಳುತ್ತಾರೆ ಎಂದು ತಿಳಿದಾಗ ನನಗೆ ಮೈ ಉರಿಯಿತು.

ತೊಂದರೆ ಏನೆಂದು ಅರ್ಧ ನಿಮಿಷದಲ್ಲಿ ಗೊತ್ತಾಯಿತು. ಎಲ್ಲೋ ಕೈ ತಾಗಿ ಬ್ರೌಸರಿನಲ್ಲಿ ಆ ಸೈಟಿನ ಧ್ವನಿ ಬಂದ್ ಆಗಿತ್ತು. ಮೌಸಿನಲ್ಲಿ ಒಮ್ಮೆ ಒತ್ತಿದರೆ ಸಾಕಿತ್ತು. ನಾನು ಒತ್ತಲಿಲ್ಲ.

"ಅಪ್‌ಡೇಟ್ ಮಾಡ್ಬೇಕು ಮಾಷ್ಟ್ರೇ. ಎಲ್ಲ ಹಳತಾಗಿದೆ. ಮಾಡಿದ್ರೆ ಸ್ವರ ಬರ್ಲಿಕ್ಕೂ ಸಾಕು. ಆದ್ರೆ ಹಳೇ ಮೆಷಿನ್, ಇದ್ದದ್ದೂ ಹೋದೀತು. ನೀವೇ ಯೋಚನೆ ಮಾಡಿ ಹೇಳಿ."

‘ವೀಡಿಯೊ ಹೋಗಬಹುದೇ?’ ಎಂದು ಬರೆದರು.

ಅಷ್ಟು ಓದಿದ ಮನುಷ್ಯ, ವೀಡಿಯೊ ತನ್ನ ಕಂಪ್ಯೂಟರಿನ ಹೊಟ್ಟೆಯಲ್ಲೇ ಇದೆ ಎಂದು ತಿಳಿದಿದ್ದರು! ಅದು ಎಲ್ಲಿಯದೋ, ಇಲ್ಲಿ ಬರೇ ಕಾಣುವುದು ಎಂದು ಎರಡನೇ ಕ್ಲಾಸಿನ ಮಗುವೂ ಹೇಳೀತು. ನಾನು ತಿದ್ದಲಿಲ್ಲ. "ಹೋಗ್ಲೂಬಹುದು" ಎಂದೆ. ಸಿಪಿಯು ನನ್ನ ಕಪಾಟಿನಲ್ಲೇ ಉಳಿಯಿತು.

ಮುಂದಿನ ವಾರ ಎರಡು ಬಸ್ಸು ಬದಲಿಸಿ ಬಂದರು. ಒಂದು ಹಾಳೆಯ ಈ ಬದಿಯಲ್ಲಿ ಅಪ್‌ಡೇಟ್ ಯಾಕೆ ಮಾಡಬೇಕು, ಆ ಬದಿಯಲ್ಲಿ ಯಾಕೆ ಮಾಡಬಾರದು ಎಂದು ಅಂದವಾದ ಅಕ್ಷರದಲ್ಲಿ ಬರೆದು ತಂದಿದ್ದರು. ಎರಡು ಪಕ್ಷವನ್ನೂ ತಾವೇ ವಹಿಸಿ ವಾದಿಸಿದ್ದರು. ಅಭ್ಯಾಸಬಲ. ‘ಹಳೆಯ ಮನೆಗೆ ಹೊಸ ಮಾಡು ಹೊದಿಸಿದ ಮಾತ್ರಕ್ಕೆ ಗೋಡೆ ಬೀಳುವುದೇ?’ ಎಂದು ಕೊನೆಯ ಸಾಲು.

"ಗೋಡೆ ಮಣ್ಣಿನದ್ದಾದ್ರೆ ಬೀಳ್ತದೆ" ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆಯುವುದರೊಳಗೆ ಒಂದು ಪ್ರಶ್ನೆ ಕೇಳಿದೆ. ಅದಕ್ಕೆ ಬರೆಯಲು ಬಗ್ಗಿದಾಗ ಮತ್ತೊಂದು. ಅವರ ಪೆನ್ನು ಮೊದಲ ಪ್ರಶ್ನೆಯಲ್ಲೇ ಇತ್ತು, ನಾನು ನಾಲ್ಕನೆಯದಕ್ಕೆ ಹೋಗಿದ್ದೆ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಬೆವರು ಒರೆಸಿಕೊಂಡು ಅವರು ಪೆನ್ನು ಕೆಳಗಿಟ್ಟರು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ತುಂಬ ಉಂಡಷ್ಟು ಸಂತೋಷವಾಯಿತು.

"ಮಾಷ್ಟ್ರೇ, ನನ್ನ ಗುರ್ತ ಸಿಕ್ಕಿತಾ?" ಎಂದು ಕೇಳಿದೆ.

ಕನ್ನಡಕ ಸರಿಮಾಡಿ ಸರಿಯಾಗಿ ನೋಡಿದರು. ಬರೆದರು: ‘ಇಲ್ಲ. ಯಾರ ಮಗ?’

ದಿನಾ ನನ್ನ ಮುಖ ಕಾಣುವ ಮನುಷ್ಯ! ಅವರು ವಾಪಸು ಬಸ್ಸು ಹತ್ತುವ ಮೊದಲೇ ನಾನು ಕಾಸರಗೋಡಿನ ಸ್ಟುಡಿಯೊದವನಿಗೆ ಫೋನ್ ಮಾಡಿದೆ. ಮದುವೆ ವೀಡಿಯೊ ಮಾಡುವವನು, ಅಂದಿನ ಕೂಟವನ್ನು ತೆಗೆದು ವೆಬ್ಬಿಗೆ ಹಾಕಿದವನು ಅವನೇ, ನನ್ನ ಪರಿಚಯದವನು.

"ಅದ್ರಲ್ಲಿ ನಾನಿದ್ದೇನೆ, ನೋಡ್ಲಿಕ್ಕೆ ಒಳ್ಳೆದುಂಟಾ? ತೆಗೆದು ಹಾಕು ಮಾರಾಯ."

"ಪೂರಾ ತೆಗಿಬೇಕಾ? ಮೂಲದ್ದು ಇದ್ದ ಹಾರ್ಡ್ ಡಿಸ್ಕ್ ಎಂದೋ ಹೋಗಿದೆ. ಮತ್ತೆ ಬೇಕು ಅಂದ್ರೆ ಇಲ್ಲ."

"ಯಾರಿಗೆ ಬೇಕು?" ಎಂದೆ.

ಸಂಜೆಯ ಚಾ ಕುಡಿಯುವ ಹೊತ್ತಿಗೆ ಅದು ಹೋಗಿತ್ತು.

ಮೂರನೆಯ ಸಲ ಅವರು ವಾದ ತರಲಿಲ್ಲ. ‘ಮಾಡಿ. ನಿಮ್ಮ ಮೇಲೆ ಬಿಟ್ಟಿದ್ದೇನೆ’ ಎಂದಷ್ಟೇ ಇತ್ತು. ಅಪ್‌ಡೇಟ್ ಒಂದು ತಕರಾರಿಲ್ಲದೆ ಮುಗಿಯಿತು. ಬಂದ್ ಆಗಿದ್ದ ಧ್ವನಿಯನ್ನೂ ತೆರೆದೆ, ಅದಕ್ಕೆ ಹಿಡಿದದ್ದು ಒಂದು ಒತ್ತು. "ನಾನೇ ಮನೆಗೆ ತಂದು ಕೊಡ್ತೇನೆ, ಆದಿತ್ಯವಾರ" ಎಂದೆ. ಅವರು ಕೈ ಮುಗಿದರು. ನಾನು ಹೇಳಿದ್ದು ದಯೆಯಿಂದಲ್ಲ. ವೀಡಿಯೊ ಇಲ್ಲ ಎಂದು ಕಂಡಾಗ ಅವರ ಮುಖ ಹೇಗಾಗುತ್ತದೆ ಎಂದು ನನಗೆ ನೋಡಬೇಕಿತ್ತು.

ಆದಿತ್ಯವಾರ ಅವರ ಮನೆಯ ಜಗಲಿಯಲ್ಲಿ ಚಪ್ಪಲಿ ಬಿಟ್ಟು ಚಾವಡಿಗೆ ಹೋಗಿ ತಂತಿಗಳನ್ನು ಸಿಕ್ಕಿಸಿದೆ. ಸ್ಪೀಕರಿನಿಂದ ಕಂಪ್ಯೂಟರ್ ಏಳುವ ಸದ್ದು ಬಂದದ್ದೇ ತಡ, ಅಡುಗೆಮನೆಯಿಂದ ಮಾಷ್ಟ್ರ ಹೆಂಡತಿ ಗೋಡೆಗೆ ಬೆರಳು ತಾಗಿಸಿಕೊಂಡು ಬಂದರು. ಕೈ ಸೆರಗಿಗೆ ಒರೆಸಿ, ಸ್ಪೀಕರಿನ ಪಕ್ಕದ ಕುರ್ಚಿ ತಡವಿ ಕುಳಿತರು. ಎಷ್ಟೋ ಮಧ್ಯಾಹ್ನಗಳಿಂದ ಅದು ಅವರ ಜಾಗ ಎಂದು ಕುಳಿತ ರೀತಿಯಲ್ಲೇ ತಿಳಿಯಿತು.

"ನೀವು ಒಳ್ಳೆ ಜನ" ಎಂದರು. "ಇವರಿಗೆ ಬಸ್ಸು ಹತ್ತಿ ಇಳಿದು ಸಾಕಾಗಿತ್ತು. ನನಗೆ ಇವರ ಸ್ವರ ಕೇಳದೆ ಮೂರು ವಾರ ಆಯ್ತು. ಮನೆಯಲ್ಲಿ ಇದ್ದಾರಾ ಇಲ್ವಾ ಅಂತ ಗೊತ್ತಾಗುದಿಲ್ಲ."

ಮಾಷ್ಟ್ರು ಮೌಸು ಹಿಡಿದರು. ಪುಟ ತೆರೆದುಕೊಳ್ಳುತ್ತಿತ್ತು.

"ಅದ್ರಲ್ಲಿ ಒಂದು ದೂತ ಉಂಟು" ಎಂದು ಹೆಂಡತಿ ನನ್ನ ಕಡೆ ಎಂದುಕೊಂಡು ಕಿಟಕಿಯ ಕಡೆ ತಿರುಗಿ ಹೇಳಿದರು. "ಚಿಕ್ಕ ಹುಡುಗ. ಇವರು ಕೇಳಿದ್ದಕ್ಕೆ ಹೇಳ್ಲಿಕ್ಕೆ ಬಾರದೆ ಕೂತುಬಿಟ್ಟ. ಎಲ್ಲ ನಗಾಡಿದ್ರು. ನಾನು ಇವರಿಗೆ ಅವತ್ತೇ ಬೈದಿದ್ದೆ, ಒಂದು ವಾರ ಸರಿ ಮಾತಾಡ್ಲಿಲ್ಲ. ಆ ಜಾಗ ಬಂದಾಗೆಲ್ಲ ಈಗ್ಲೂ ಅನ್ನಿಸ್ತದೆ, ಪಾಪ, ಆ ಮಗು ಮತ್ತೆ ಎಂತ ಮಾಡಿತೋ ಅಂತ."

ಪರದೆಯಲ್ಲಿ ಕಪ್ಪು ಚೌಕ ಬಂತು. ‘ಈ ವೀಡಿಯೊ ಲಭ್ಯವಿಲ್ಲ.’ ಮಾಷ್ಟ್ರು ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ ಒತ್ತಿದರು. ಚೀಟಿ ಬರೆದು ನನ್ನ ಕಡೆ ನೂಕಿದರು. ‘ಅಪ್‌ಡೇಟ್ ಮಾಡಿದ್ದಕ್ಕಾ?’

ನಿಜ ಹೇಳಲು ಅದೊಂದು ಅವಕಾಶ ಇತ್ತು. ನಾನು ಹೌದೆಂದು ತಲೆ ಆಡಿಸಿದೆ. ಮಾಡಿ ಎಂದು ಬರೆದುಕೊಟ್ಟದ್ದು ತಾವೇ ಎಂದು ನೆನಪಾಗಿ ಅವರು ತಮ್ಮ ಕೈಯನ್ನೇ ನೋಡಿದರು. ನಾನು ನೋಡಬೇಕೆಂದು ಬಂದ ಮುಖ ಅದೇ.

"ಹಾಕಿದ್ರಾ? ಎಂತ ಕೇಳುದಿಲ್ಲ" ಎಂದರು ಹೆಂಡತಿ. ಸ್ಪೀಕರಿಗೆ ಕಿವಿ ತಾಗಿಸಿದರು. ಮತ್ತೆ ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ತಡವಿದರು. "ಎಂತದು, ಎದುರು ಯಾರೂ ಇಲ್ವಾ?"

ಮಾಷ್ಟ್ರಿಗೆ ಸ್ವರ ಇರಲಿಲ್ಲ. ನನಗೆ ಇತ್ತು. ನಾನು ಜಗಲಿಯಿಂದ ಚಪ್ಪಲಿ ಎತ್ತಿ ಕೈಯಲ್ಲಿ ಹಿಡಿದುಕೊಂಡು, ಅವರ ಹೆಂಡತಿಗೆ ಸದ್ದು ಕೇಳದ ಹಾಗೆ ಅಂಗಳಕ್ಕೆ ಇಳಿದೆ.